ನಾರಾ ಸ್ಟೇಷನ್ನಿನ ಕಳಸದಡಿ

ಜಪಾನಿನ ನಾರಾ ನೋಡಿಬಂದವರನ್ನು ಕೇಳಿದರೆ ಜಿಂಕೆಗಳ ಮಾತು, ತೋದಾಯ್‌ಜಿ ದೇಗುಲದ ದೊಡ್ಡ ಬುದ್ಧನ ಮಾತು ಮೊದಲು ಬರುತ್ತದೆ. ನಮ್ಮ ಗುಂಪಿನಲ್ಲಿ ಯಾರನ್ನೇ ಕೇಳಿ, ಮೊದಲು ಬರುವುದು ರೈಲ್ವೆ ಸ್ಟೇಷನ್ನಿನ ಮಾತು. ಅದೂ ಈಗಿರುವ ಹೊಸ ಸ್ಟೇಷನ್ ಅಲ್ಲ. ಅದರ ಪಕ್ಕದಲ್ಲಿ ತಲೆಯ ಮೇಲೆ ಪಗೋಡದ ಕಳಸ ಹೊತ್ತು ನಿಂತಿರುವ ಹಳೆಯ ಕಟ್ಟಡ. 1934ರಲ್ಲಿ ಕಟ್ಟಿದ್ದು. ನಾವು ಅಲ್ಲಿದ್ದಾಗ ಅದಿನ್ನೂ ಬದುಕಿದ್ದ ಸ್ಟೇಷನ್ನು: ಟಿಕೆಟ್ ಕೊಡುತ್ತಿತ್ತು, ಗಾಡಿ ಹತ್ತಿಸುತ್ತಿತ್ತು, ಮಳೆ ಬಂದಾಗ ನಮ್ಮನ್ನು ಒಳಗೆ ಕರೆದುಕೊಳ್ಳುತ್ತಿತ್ತು.

ನಾವು ಅಂದರೆ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಓಸಾಕಾ, ಕ್ಯೋತೊ, ಕೋಬೆಗಳಲ್ಲಿ ಓದು, ನೌಕರಿ, ಸಂಸಾರ ಎಂದು ಚದುರಿಕೊಂಡಿದ್ದ ಒಂದಿಷ್ಟು ಕನ್ನಡದ ಜನ. ಮಂಡ್ಯದ ಹುಡುಗನೊಬ್ಬ ಓಸಾಕಾದಲ್ಲಿ ಲೋಹಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ. ಬೆಂಗಳೂರಿನ ಗೆಳತಿ ಕ್ಯೋತೊದಲ್ಲಿ ವಾಸ್ತುಶಿಲ್ಪ ಓದುತ್ತಿದ್ದಳು. ಕೋಬೆಯಲ್ಲಿ ಧಾರವಾಡದ ಅಕ್ಕ ಮತ್ತು ಅವರ ಯಜಮಾನರು. ಅಕ್ಕ ನಮ್ಮೆಲ್ಲರಿಗಿಂತ ದೊಡ್ಡವರು, ಆ ದೇಶದಲ್ಲಿ ನಮಗೆ ತಾಯಿಯ ಜಾಗದಲ್ಲಿ ಇದ್ದವರು. ನಾನು ಶಿವಮೊಗ್ಗದವಳು, ಬಾಡಿಗೆ ಕೋಣೆ ಸಿಕ್ಕಿದ್ದು ನಾರಾದಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಭಾನುವಾರದ ಬೈಠಕ್ಕು ನನ್ನ ಕೋಣೆಯಲ್ಲೇ ಎಂದು ತಾನಾಗಿ ಗೊತ್ತಾಗಿಬಿಟ್ಟಿತು. ಕೋಬೆಯಲ್ಲಿ ಭಾರತೀಯ ವ್ಯಾಪಾರಿಗಳು ತಲೆಮಾರುಗಳಿಂದ ನೆಲೆಸಿದ್ದರಿಂದ ಅಲ್ಲಿ ಉದ್ದಿನಬೇಳೆ, ಸಾಸಿವೆ, ಹುಣಸೆಹಣ್ಣು ಎಲ್ಲ ಸಿಗುತ್ತಿತ್ತು. ಅಕ್ಕ ಬಂದರು ಎಂದರೆ ನನ್ನ ಕೋಣೆಗೆ ಸಾಮಾನು ಬಂತು ಎಂದೇ ಅರ್ಥ.

ನಾರಾಕ್ಕೆ ಮುಖ್ಯವಾಗಿ ಎರಡು ಸ್ಟೇಷನ್. ಕಿಂತೆತ್ಸು ಎಂಬ ಖಾಸಗಿ ರೈಲಿನದು ಒಂದು. 1969ರಲ್ಲೇ ನೆಲದಡಿಗೆ ಇಳಿದಿದ್ದು, ಜಿಂಕೆಗಳ ಉದ್ಯಾನಕ್ಕೆ ಹತ್ತಿರ. ಪ್ರವಾಸಿಗಳಲ್ಲಿ ಹೆಚ್ಚಿನವರು ಬರುತ್ತಿದ್ದದ್ದು ಅದರಲ್ಲಿ. ಇನ್ನೊಂದು ಜೆಆರ್ ಸ್ಟೇಷನ್, ಊರಿನ ಪಶ್ಚಿಮಕ್ಕೆ, ದೇವಸ್ಥಾನಗಳಿಂದ ಒಂದಷ್ಟು ದೂರ. ದೂರವಾದದ್ದಕ್ಕೇ ಅಲ್ಲಿ ತುಸು ನೆಮ್ಮದಿಯಿತ್ತು. ಓಸಾಕಾದ ತೆನ್ನೋಜಿಯಿಂದ ಯಾಮಾತೊಜಿ ಮಾರ್ಗದ ವೇಗದ ಗಾಡಿ ಹಿಡಿದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತು. ನಿಧಾನದ ಗಾಡಿಗಳು ಹಳದಿ ಬೆರೆತ ಹಸಿರು ಬಣ್ಣದವು, ಎಳೆ ಬಾಳೆಯ ಸುಳಿಯ ಹಾಗೆ. ಮಂಡ್ಯದ ಹುಡುಗನಿಗೆ ಅದರ ಮೇಲೇ ಪ್ರೀತಿ, ಬೇಗ ಬರುವ ಗಾಡಿ ಬಿಟ್ಟು ಅದರಲ್ಲೇ ಬರುತ್ತಿದ್ದ. ಕ್ಯೋತೊದಿಂದ ಬರುವ ನಾರಾ ಮಾರ್ಗಕ್ಕೆ ಆಗ ಹೆಚ್ಚಿನ ಕಡೆ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ನಿಂತು ನಿಂತು ಬರುತ್ತಿತ್ತು. ಬೆಂಗಳೂರಿನ ಗೆಳತಿ ಯಾವಾಗಲೂ ಕೊನೆಗೆ ಬರುವವಳು. ಅಲ್ಲಿಯತನಕ ಉಳಿದವರು ಸ್ಟೇಷನ್ನಿನ ಹಾಲಿನಲ್ಲಿ ಕಾಯುವುದು.

ಕಾಯುವುದಕ್ಕೆ ಎಂಥ ಜಾಗ ಅದು! ಹೊರಗಿನಿಂದ ನೋಡಿದರೆ ನಡುವೆ ಎತ್ತರದ ಚೌಕ ಭಾಗ, ಎರಡು ಕಡೆಗೂ ತಗ್ಗಿನ ರೆಕ್ಕೆಗಳು, ತಿಳಿ ಬಣ್ಣದ ಗೋಡೆಗೆ ಉದ್ದುದ್ದನೆಯ ಕಿಟಕಿ. ಅಷ್ಟರಮಟ್ಟಿಗೆ ಅದು ಯೂರೋಪಿನ ಯಾವುದೋ ಮಧ್ಯಮ ಊರಿನ ಕಚೇರಿಯೂ ಆಗಬಹುದಿತ್ತು. ಆದರೆ ಕತ್ತೆತ್ತಿದರೆ ನಾಲ್ಕೂ ದಿಕ್ಕಿಗೆ ಇಳಿದ, ಅಂಚಿನಲ್ಲಿ ಮೆಲ್ಲಗೆ ಮೇಲೆದ್ದ ದೇಗುಲದ ಚಾವಣಿ. ಅದರ ನೆತ್ತಿಯಲ್ಲಿ ಬಳೆ ಬಳೆಯಾಗಿ ಮೇಲೇರಿದ ಲೋಹದ ಕಳಸ. ಜಪಾನಿನ ಪಗೋಡಗಳ ತುದಿಯಲ್ಲಿ ಇರುವ ಸೋರಿನ್. ಮೂಲತಃ ನಮ್ಮ ಸ್ತೂಪಗಳ ಛತ್ರಾವಳಿಯೇ ದೇಶ ದಾಟಿ, ಕಾಲ ದಾಟಿ ಆ ರೂಪ ತಾಳಿದ್ದು. ಸಾಂಚಿಯ ಸ್ತೂಪದ ಮೇಲೆ ಇರುವುದರ ದೂರದ ಮೊಮ್ಮಗ ಒಂದು ರೈಲ್ವೆ ಸ್ಟೇಷನ್ನಿನ ಮೇಲೆ ಕೂತಿದೆ ಎಂದು ಗೆಳತಿ ಹೇಳಿದ ದಿನ ನಾವೆಲ್ಲ ಹೊರಗೆ ಹೋಗಿ ರಸ್ತೆಯ ಆಚೆ ನಿಂತು ಮತ್ತೊಮ್ಮೆ ನೋಡಿಬಂದೆವು.

ಒಳಗೆ ಹೊಕ್ಕರೆ ಎತ್ತರದ ಹಾಲು, ದಪ್ಪ ಕಂಬಗಳು, ಮೇಲೆ ಚೌಕ ಚೌಕವಾಗಿ ಮನೆ ಮಾಡಿದ ಚಾವಣಿ. ಆ ಚೌಕದ ಕೆಲಸ ದೇವಸ್ಥಾನಗಳ ಮರದ ಚಾವಣಿಯಿಂದ ಬಂದದ್ದು, ಹಾಲಿನ ಅಳತೆ ಪಶ್ಚಿಮದಿಂದ ಬಂದದ್ದು. ಎಲ್ಲವೂ ಕಾಂಕ್ರೀಟು. 1923ರ ಕಾಂತೊ ಭೂಕಂಪದಲ್ಲಿ ತೋಕಿಯೊ, ಯೋಕೊಹಾಮಾ ಕುಸಿದು ಸುಟ್ಟುಹೋದ ಮೇಲೆ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಕಬ್ಬಿಣ ಹಾಕಿದ ಕಾಂಕ್ರೀಟೇ ಗತಿ ಎಂದು ಜಪಾನಿನವರು ಗಟ್ಟಿ ಮಾಡಿಕೊಂಡಿದ್ದರು. ಮೈ ಕಾಂಕ್ರೀಟಿನದು, ಮುಖ ದೇಶದ್ದು ಎಂಬ ಈ ಬಗೆ ಮೂವತ್ತರ ದಶಕದಲ್ಲಿ ಅಲ್ಲಿ ಬಹಳ ನಡೆಯಿತು. ಅದರ ಹಿಂದೆ ಆ ಕಾಲದ ರಾಷ್ಟ್ರಾಭಿಮಾನದ ಒತ್ತಡವೂ ಇತ್ತು. ಎಷ್ಟೋ ಕಡೆ ಅಂಥ ಚಾವಣಿ ಕಟ್ಟಡದ ಮೇಲೆ ಹೇರಿದಂತೆ, ಭಾರವಾಗಿ ಕಾಣುತ್ತದೆ. ನಾರಾ ಸ್ಟೇಷನ್ನಿನಲ್ಲಿ ಹಾಗೆ ಅನಿಸುವುದಿಲ್ಲ. ರೈಲ್ವೆಯ ಓಸಾಕಾ ಕಚೇರಿಯ ಎಂಜಿನಿಯರುಗಳು, ಶಿಬಾತಾ ಶಿರೊ ಮತ್ತು ಅವರ ಜೊತೆಯವರು, ಅಳತೆಯಲ್ಲಿ ಬಹಳ ಸಂಯಮ ತೋರಿಸಿದ್ದಾರೆ. ಚಾವಣಿಯನ್ನು ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಿದ್ದಾರೆ, ಗೋಡೆಗಳ ಮೇಲೆ ಅಲಂಕಾರ ತುಂಬಿಲ್ಲ. ವಿಧಾನಸೌಧ ನೋಡುತ್ತ ಬೆಳೆದ ಗೆಳತಿಗೆ ಈ ಬಗೆಯ ಬೆರಕೆ ಹೊಸದಾಗಿರಲಿಲ್ಲ. ಆದರೆ ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನೋಡಿದ್ದು ಇದೇ ಮೊದಲು ಎಂದು ಅವಳು ಪದೇ ಪದೇ ಅನ್ನುತ್ತಿದ್ದಳು.

ಅವಳ ಜೊತೆ ಊರು ಸುತ್ತಿದ್ದರಿಂದಲೇ ನನಗೆ ಗೊತ್ತಾದದ್ದು, ಈ ಬೆರಕೆಗೆ ನಾರಾದಲ್ಲಿ ದೊಡ್ಡ ಚರಿತ್ರೆಯೇ ಇದೆ ಎಂದು. 1894ರಲ್ಲಿ ಕಾತಾಯಾಮಾ ತೋಕುಮಾ ಎಂಬ ವಾಸ್ತುಶಿಲ್ಪಿ ಉದ್ಯಾನದೊಳಗೆ ಪೂರಾ ಫ್ರೆಂಚ್ ಧಾಟಿಯ ವಸ್ತುಸಂಗ್ರಹಾಲಯ ಕಟ್ಟಿದರು. ಈಗ ಅದನ್ನು ಎಲ್ಲರೂ ಮೆಚ್ಚುತ್ತಾರೆ. ಆಗ ಊರಿನವರು, ಸಾವಿರ ವರ್ಷದ ದೇಗುಲಗಳ ನಡುವೆ ಇದೇನು ಎಂದು ತಕರಾರು ತೆಗೆದರು. ಮರುವರ್ಷ ನಾಗಾನೊ ಉಹೇಯ್‌ಜಿ ಪ್ರಾಂತ್ಯದ ಆಡಳಿತ ಕಚೇರಿ ಕಟ್ಟುವಾಗ ಒಳಗಿನ ಚೌಕಟ್ಟು, ಏರ್ಪಾಡು ಪಶ್ಚಿಮದ್ದು ಇಟ್ಟುಕೊಂಡು ಹೊರಗೆ ಜಪಾನಿನ ಸೂರು ಹೊದಿಸಿದರು. ಅಲ್ಲಿಂದ ಮುಂದೆ ಊರಿಗೆ ಅದೇ ದಾರಿ. 1902ರಲ್ಲಿ ಸೆಕಿನೊ ತಾದಾಶಿ ಕಟ್ಟಿದ ವಸ್ತುಪ್ರದರ್ಶನದ ಮಂದಿರ, 1909ರಲ್ಲಿ ತಾತ್ಸುನೊ ಕಿಂಗೊ ಕಟ್ಟಿದ ನಾರಾ ಹೋಟೆಲು, ಎಲ್ಲ ಆ ಧಾಟಿಯವು. ತಾತ್ಸುನೊ ಎಂದರೆ ತೋಕಿಯೊ ಸ್ಟೇಷನ್ನಿನ ಕೆಂಪು ಇಟ್ಟಿಗೆಯ ಕಟ್ಟಡದ ಕರ್ತೃ. ಅಂಥವರೂ ನಾರಾಕ್ಕೆ ಬಂದಾಗ ಹಂಚಿನ ಮಾಡು, ಬಿಳಿ ಗಾರೆಯ ಗೋಡೆ ಎಂದು ತಮ್ಮ ಕೈ ಬದಲಿಸಿದರು. ಸ್ಟೇಷನ್ನು ಈ ಸಾಲಿನ ಕಡೆಯ ದೊಡ್ಡ ಕಟ್ಟಡಗಳಲ್ಲಿ ಒಂದು. ಊರಿನ ಜನ ತಮ್ಮ ಊರು ಹೇಗೆ ಕಾಣಬೇಕು ಎಂದು ನಲವತ್ತು ವರ್ಷ ವಾದ ಮಾಡಿ, ತಿದ್ದಿ, ಕೊನೆಗೆ ಬಂದು ತಲುಪಿದ ಜಾಗ ಅದು ಎಂದು ನನಗೆ ತೋರುತ್ತದೆ.

ಸ್ಟೇಷನ್ನಿನಿಂದ ಹೊರಬಿದ್ದರೆ ಸಂಜೊ ಬೀದಿ. 710ರಿಂದ 784ರವರೆಗೆ ನಾರಾ ರಾಜಧಾನಿಯಾಗಿದ್ದಾಗ ಹಾಕಿದ ಮೂರನೆಯ ಹೆದ್ದಾರಿಯ ಗೆರೆಯ ಮೇಲೇ ಈಗಿನ ಬೀದಿ ಸಾಗುತ್ತದೆ, ನೆಟ್ಟಗೆ ಪೂರ್ವಕ್ಕೆ. ಕೊಫುಕುಜಿಯ ಐದಂತಸ್ತಿನ ಪಗೋಡ, ಸಾರುಸಾವಾ ಕೆರೆ, ಆಮೇಲೆ ಕಾಸುಗಾ ಬೆಟ್ಟದ ಕಾಡು. ಬೀದಿಯಲ್ಲಿ ಉಪ್ಪಿನಕಾಯಿ ಅಂಗಡಿ ಬಾಗಿಲಲ್ಲಿ ಸಾಕೆಯ ಗಸಿಯಲ್ಲಿ ವರ್ಷಗಟ್ಟಲೆ ನೆನೆದು ಕಂದಾದ ಸೌತೆಯ ವಾಸನೆ. ಮೂಲೆಯಲ್ಲಿ ಇಬ್ಬರು ಎದುರುಬದುರು ನಿಂತು ಕೂಗು ಹಾಕುತ್ತ ಮೋಚಿ ಕುಟ್ಟುತ್ತಿದ್ದರು. ಒಬ್ಬರ ಕೈ ಒರಳಿನಿಂದ ಹೊರಬರುವಷ್ಟರಲ್ಲಿ ಇನ್ನೊಬ್ಬರ ಒನಕೆ ಬಿದ್ದಾಗಿರುತ್ತಿತ್ತು. ಅಕ್ಕ ಅದರ ಮುಂದೆ ನಿಂತರೆ ಅಲ್ಲಾಡುತ್ತಿರಲಿಲ್ಲ. "ನಮ್ಮ ಅವ್ವ, ದೊಡ್ಡವ್ವ ಹಿಂಗ ಅವಲಕ್ಕಿ ಕುಟ್ಟತಿದ್ರು ನೋಡವಾ," ಎಂದು ನನ್ನ ಕೈ ಹಿಡಿದುಕೊಳ್ಳುವರು. ಕೆಲವು ಸಲ ಕಣ್ಣು ಒದ್ದೆಯಾಗುತ್ತಿತ್ತು.

ಒಂದು ಮಾರ್ಚಿ ನನಗೆ ಉಳಿದೆಲ್ಲ ದಿನಗಳಿಗಿಂತ ಹತ್ತಿರ. ಮಾರ್ಚಿಯ ಮೊದಲ ಎರಡು ವಾರ ತೋದಾಯ್‌ಜಿಯ ನಿಗಾತ್ಸುದೊ ಮಂದಿರದಲ್ಲಿ ಓಮಿಜುತೋರಿ ನಡೆಯುತ್ತದೆ. 752ರಲ್ಲಿ ಶುರುವಾದದ್ದು, ಇವತ್ತಿನವರೆಗೆ ಒಂದು ವರ್ಷವೂ ತಪ್ಪಿಲ್ಲ. ಕತ್ತಲಾದ ಮೇಲೆ ದೊಡ್ಡ ದೊಡ್ಡ ಪಂಜುಗಳನ್ನು ಹೊತ್ತು ಮೆಟ್ಟಿಲೇರಿ, ಎತ್ತರದ ಮೊಗಸಾಲೆಯ ಅಂಚಿನಿಂದ ಹೊರಚಾಚಿ ಓಡುತ್ತಾರೆ. ಕೆಳಗೆ ನಿಂತ ಜನರ ಮೇಲೆ ಕಿಡಿಗಳು ಉದುರುತ್ತವೆ. ಕಿಡಿ ಮೈಗೆ ಸೋಕಿದರೆ ಆ ವರ್ಷ ಕಾಯಿಲೆ ಬಾರದು ಎಂಬ ನಂಬಿಕೆ. ಇದು ಮುಗಿದ ಮೇಲೇ ವಸಂತ ಎಂದು ಆ ಕಡೆಯ ಜನ ಹೇಳುತ್ತಾರೆ, ಅಂದರೆ ಮುಗಿಯುವತನಕ ಚಳಿ ಬಿಡುವುದಿಲ್ಲ. ಅವತ್ತೂ ಕೊರೆಯುವ ಚಳಿ. ನೋಡಿಕೊಂಡು, ಸಂಜೊ ಬೀದಿಯುದ್ದಕ್ಕೂ ನಡೆದು, ಕಿವಿ ಮೂಗು ಮರಗಟ್ಟಿ ಸ್ಟೇಷನ್ನಿಗೆ ಬಂದೆವು. ಕೂದಲಲ್ಲಿ ಬೂದಿ. ಓಸಾಕಾದ ಗಾಡಿಗೆ ಇನ್ನೂ ಹೊತ್ತಿತ್ತು. ಅಕ್ಕ ಕಂಬದ ಪಕ್ಕದ ಬೆಂಚಿನ ಮೇಲೆ ಕೂತು ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಚಪಾತಿ, ಶೇಂಗಾ ಹಿಂಡಿ, ಒಂದಿಷ್ಟು ಬೆಲ್ಲ.

ಅದೇ ಬೆಂಚಿನ ತುದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಬಟ್ಟೆಯಲ್ಲಿ ಗಂಟು ಕಟ್ಟಿದ ಬುತ್ತಿ ತೊಡೆಯ ಮೇಲೆ, ಕಾಲಿಗೆ ದಪ್ಪನೆಯ ಬಿಳಿ ಕಾಲುಚೀಲ. ಡಬ್ಬಿಯತ್ತ ಒಮ್ಮೆ, ನಮ್ಮತ್ತ ಒಮ್ಮೆ ನೋಡುತ್ತಿದ್ದರು. ಅಕ್ಕನಿಗೆ ಜಪಾನೀ ಭಾಷೆ ಅಷ್ಟಕ್ಕಷ್ಟೆ, ಆದರೆ ಎದುರಿಗೆ ಕೂತವರನ್ನು ಬಿಟ್ಟು ತಿನ್ನುವುದು ಅವರಿಂದ ಆಗದು. ಅರ್ಧ ಚಪಾತಿಯಲ್ಲಿ ಹಿಂಡಿ ಸುತ್ತಿ ಎರಡೂ ಕೈಯಿಂದ ಚಾಚಿ, ಅಚ್ಚ ಧಾರವಾಡದ ಕನ್ನಡದಲ್ಲಿ "ತಗೋರಿ, ತಿನ್ರಿ, ಖಾರ ಭಾಳ ಇಲ್ಲ" ಎಂದರು. ಅಜ್ಜಿ ತಲೆಬಾಗಿ ತೆಗೆದುಕೊಂಡರು. ಒಂದೊಂದೇ ತುತ್ತು, ಚೂರೂ ಬಿಡದೆ ತಿಂದರು. ಖಾರಕ್ಕೆ ಮೂಗು ಒರೆಸಿಕೊಂಡು ನಕ್ಕರು. ಆಮೇಲೆ ಗಂಟು ಬಿಚ್ಚಿ ಕಿತ್ತಳೆ ಹಣ್ಣು ತೆಗೆದು ನಮ್ಮೆಲ್ಲರ ಕೈಗೂ ಒಂದೊಂದು ಇಟ್ಟರು.

ಮಾತು ಶುರುವಾಯಿತು. ಸಾಕುರಾಯ್ ಕಡೆಯ ಹಳ್ಳಿಯವರು ಅವರು. ಯುದ್ಧ ಮುಗಿದ ಕಾಲದಲ್ಲಿ ಪೇಟೆಯ ಜನಕ್ಕೆ ಪಡಿತರ ಸಾಲದೆ ಹಳ್ಳಿಯ ಅಕ್ಕಿ, ಗೆಣಸು ಗುಟ್ಟಾಗಿ ರೈಲಿನಲ್ಲಿ ಬರುತ್ತಿದ್ದ ದಿನಗಳು. ಹದಿಹರೆಯದ ಹುಡುಗಿ ಬೆನ್ನಿಗೆ ಅಕ್ಕಿಯ ಚೀಲ ಕಟ್ಟಿ, ಮೇಲೆ ಕೋಟು ಹಾಕಿ, ಮಗು ಹೊತ್ತವಳ ಹಾಗೆ ಬಗ್ಗಿ ಈ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಳಂತೆ. ಪೊಲೀಸರು ಸಿಕ್ಕವರ ಚೀಲ ಕಿತ್ತುಕೊಳ್ಳುತ್ತಿದ್ದರು. ಅವರು ಆ ಕಡೆ ಹೋಗುವತನಕ ಕಂಬದ ಹಿಂದೆ ನಿಲ್ಲುವುದು. "ಈ ಕಂಬ," ಎಂದು ಅಜ್ಜಿ ಹಿಂದಕ್ಕೆ ಕೈ ಚಾಚಿ ತಟ್ಟಿ ತೋರಿಸಿದರು. "ಪೊಲೀಸಿನವನು ಹೀಗೆ ಸುತ್ತಿ ಬಂದರೆ ನಾನು ಹಾಗೆ ಸುತ್ತುತ್ತಿದ್ದೆ." ಎದ್ದು ನಿಂತು, ಆ ವಯಸ್ಸಿನಲ್ಲಿ, ಬೆನ್ನು ಕಂಬಕ್ಕೆ ಒತ್ತಿ, ಒಂದು ಸುತ್ತು ಸರಿದು ತೋರಿಸಿದರು. ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಅಕ್ಕ ಎದ್ದು ಹೋಗಿ ಆ ಕಂಬವನ್ನು ಮುಟ್ಟಿ ಬಂದರು. ಜನರ ಕೈ ತಾಗಿ ತಾಗಿ ಎದೆಯೆತ್ತರದಲ್ಲಿ ಅದು ನುಣುಪಾಗಿತ್ತು.

ಬೋಧಿಸೇನನ ಕಥೆ ನಮಗೆ ಮೊದಲೇ ಗೊತ್ತಿತ್ತು. 736ರಲ್ಲಿ ಭಾರತದಿಂದ ಚೀನಾದ ಮೂಲಕ ಜಪಾನಿಗೆ ಬಂದ ಭಿಕ್ಷು ಆತ. 752ರಲ್ಲಿ ತೋದಾಯ್‌ಜಿಯ ದೊಡ್ಡ ಬುದ್ಧನಿಗೆ ಕುಂಚ ಹಿಡಿದು ಕಣ್ಣು ಬರೆದದ್ದು ಆತನೇ. ಕುಂಚಕ್ಕೆ ಕಟ್ಟಿದ ಉದ್ದನೆಯ ದಾರವನ್ನು ಹಿಡಿದು ಅರಸರೂ ಜನರೂ ಆ ಪುಣ್ಯದಲ್ಲಿ ಪಾಲು ಪಡೆದರು. ಭಾರತದಿಂದ ಬಂದ ಯಾರೇ ಆದರೂ ನಾರಾದಲ್ಲಿ ಈ ಕಥೆ ಕೇಳಿ ಹಿಗ್ಗುತ್ತಾರೆ, ನಾವೂ ಹಿಗ್ಗಿದ್ದೇವೆ. ಆದರೆ ನಾರಾ ನನ್ನದಾದದ್ದು ಆ ಕಂಬದ ಬುಡದಲ್ಲಿ, ಕಿತ್ತಳೆಯ ಸಿಪ್ಪೆಯ ವಾಸನೆಯಲ್ಲಿ.

1998ರ ಕೊನೆಗೆ ನಾರಾದ ದೇಗುಲಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಊರಲ್ಲಿ ಸಂಭ್ರಮ. ಸ್ಟೇಷನ್ನಿನ ಕಟ್ಟಡಕ್ಕೆ ಅದರಲ್ಲಿ ಪಾಲಿರಲಿಲ್ಲ. ಅದರ ಬಗ್ಗೆ ಕೇಳಿಬರುತ್ತಿದ್ದ ಸುದ್ದಿಯೇ ಬೇರೆ. ಹಳಿಗಳನ್ನು ಮೇಲ್ಸೇತುವೆಯ ಮೇಲಕ್ಕೆ ಎತ್ತುತ್ತಾರೆ, ಊರನ್ನು ಎರಡಾಗಿ ಸೀಳಿದ್ದ ರೈಲ್ವೆ ಗೇಟುಗಳು ಹೋಗುತ್ತವೆ, ಹೊಸ ಸ್ಟೇಷನ್ನು ಬರುತ್ತದೆ, ಹಳೆಯದನ್ನು ಕೆಡವುತ್ತಾರೆ ಎಂದು. ಗೇಟುಗಳು ಹೋಗಬೇಕಾದ್ದೇ, ಆ ಗೇಟಿನ ಹಿಂದೆ ನಿಂತು ಬಸವಳಿದವರಲ್ಲಿ ನಾನೂ ಒಬ್ಬಳು. ಆದರೆ ಅದಕ್ಕೆ ಈ ಕಟ್ಟಡ ಬಲಿಯಾಗಬೇಕೆ? ಹಳತು ಎಂದರೆ ಎಂಟನೆಯ ಶತಮಾನ ಎಂದು ಲೆಕ್ಕ ಹಾಕುವ ಊರಿನಲ್ಲಿ ಅರವತ್ತು ಚಿಲ್ಲರೆ ವರ್ಷದ ಕಾಂಕ್ರೀಟಿನ ಪರವಾಗಿ ಮಾತಾಡುವುದು ಸುಲಭವಿರಲಿಲ್ಲ. ಆದರೂ ಊರಿನ ಜನ, ವಾಸ್ತುಶಿಲ್ಪದ ತಿಳಿವಳಿಕೆಯವರು ದನಿ ಎತ್ತಿದರು. ದನಿ ಎತ್ತಿದವರ ಮೇಲೆ ನನಗೆ ಇವತ್ತಿಗೂ ದೊಡ್ಡ ಗೌರವ.

ಕೊನೆಗೆ ಆದ ತೀರ್ಮಾನ: ಕೆಡವುವುದು ಬೇಡ, ಸರಿಸೋಣ. ಜಪಾನಿನಲ್ಲಿ ಕಟ್ಟಡವನ್ನು ಬುಡಸಮೇತ ಎತ್ತಿ ಜಾಗ ಬದಲಿಸುವ ಕಸುಬು ಹಳೆಯದು, ಹಿಕಿಯಾ ಎನ್ನುತ್ತಾರೆ. ಮರದ ಮನೆಗಳಿಗೆ ಮಾಡುತ್ತಿದ್ದದ್ದನ್ನು ಈಗ ಕಾಂಕ್ರೀಟಿನ ಕಟ್ಟಡಗಳಿಗೂ ಮಾಡುತ್ತಾರೆ. ತಳಪಾಯದಿಂದ ಕಟ್ಟಡವನ್ನು ಬಿಡಿಸಿ, ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕುಗಳ ಮೇಲೆ ಭಾರ ಹೊರಿಸಿ, ಬಿರುಕು ಬಿಡದ ಹಾಗೆ ಅಂಗುಲ ಅಂಗುಲವಾಗಿ ತಳ್ಳುವುದು. 2004ರಲ್ಲಿ ನಾರಾ ಸ್ಟೇಷನ್ನಿನ ನಡುಭಾಗವನ್ನು ಹೀಗೆ 18 ಮೀಟರ್ ಉತ್ತರಕ್ಕೆ ಸರಿಸಿದರು. ಸರಿಸುವಾಗಲೇ 13 ಡಿಗ್ರಿ ತಿರುಗಿಸಿದರು ಕೂಡ. ನಾನಾಗ ಊರಿಗೆ ಮರಳಿದ್ದೆ. ಗೆಳತಿ ಇ-ಮೇಲಿನಲ್ಲಿ ಚಿತ್ರ ಕಳಿಸಿದ್ದಳು. ಸುತ್ತ ಅಗೆದ ಮಣ್ಣು, ನಡುವೆ ಕಾಲು ಬಿಡಿಸಿಕೊಂಡ ಕಟ್ಟಡ, ನೆತ್ತಿಯಲ್ಲಿ ಅಲುಗದ ಕಳಸ. ಶಿವಮೊಗ್ಗದ ಸೈಬರ್ ಕೆಫೆಯಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದೆ. ನಾವು ಕೂತಿದ್ದ ಬೆಂಚು, ಅಜ್ಜಿ ಸುತ್ತಿದ ಕಂಬ, ಅದರ ಮೇಲಿನ ಚೌಕದ ಚಾವಣಿ ಎಲ್ಲವೂ ಒಟ್ಟಿಗೆ ಉತ್ತರಕ್ಕೆ ಪಯಣ ಹೊರಟಿವೆ ಎಂದು ಅನಿಸಿ ಸಂತೋಷವಾಯಿತು. ಅಕ್ಕನಿಗೆ ಫೋನು ಮಾಡಿ ಹೇಳಿದರೆ ಅವರ ಮೊದಲ ಪ್ರಶ್ನೆ, "ಆ ಕಂಬ ಐತೇನು?"

2008ರಿಂದ ಗಾಡಿಗಳು ಮೇಲಿನ ಹಳಿಯಲ್ಲಿ ಓಡತೊಡಗಿದವು. ಮರುವರ್ಷ ಹಳೆಯ ಕಟ್ಟಡ ಪ್ರವಾಸಿಗಳ ಮಾಹಿತಿ ಕೇಂದ್ರವಾಗಿ ಬಾಗಿಲು ತೆರೆಯಿತು. ಈಗ ಅಲ್ಲಿ ನಕ್ಷೆ ಕೊಡುತ್ತಾರೆ, ಬಸ್ಸಿನ ದಾರಿ ಹೇಳುತ್ತಾರೆ, ಒಂದು ಭಾಗದಲ್ಲಿ ಕಾಫಿ ಅಂಗಡಿ ಇದೆ. ಟಿಕೆಟಿನ ಕಿಟಕಿ ಇಲ್ಲದ ಸ್ಟೇಷನ್ನು ಸ್ಟೇಷನ್ನೇ ಅಲ್ಲ ಎಂದು ಮಂಡ್ಯದ ಹುಡುಗ, ಈಗ ಇಬ್ಬರು ಮಕ್ಕಳ ತಂದೆ, ವಾದ ಮಾಡುತ್ತಾನೆ. ಅವನ ಬೇಸರ ನನಗೂ ಅರ್ಥವಾಗುತ್ತದೆ. ಗಾಡಿ ಬರುವ ಸದ್ದಿಗೆ ಹಾಲಿನ ಜನರೆಲ್ಲ ಒಮ್ಮೆಗೇ ಏಳುವ ಆ ಗಳಿಗೆ ಇನ್ನು ಅಲ್ಲಿ ಹುಟ್ಟುವುದಿಲ್ಲ. ಆದರೆ ನಾನು ಒಪ್ಪುವುದು ಗೆಳತಿಯ ಮಾತನ್ನು. ನಾರಾದ ದೇಗುಲಗಳಲ್ಲೂ ಸ್ಥಳಾಂತರ ಕಂಡವು ಇವೆ. ಯಾಕುಶಿಜಿ ಮಠವೇ ಹಳೆಯ ರಾಜಧಾನಿಯಿಂದ ಹೊಸ ರಾಜಧಾನಿಗೆ ಬಂದದ್ದು. ಆ ಊರಿನವರಿಗೆ ಜಾಗ ಬದಲಿಸುವುದು ಗೊತ್ತು, ಬಿಟ್ಟುಕೊಡದೆ ಬದಲಿಸುವುದು ಗೊತ್ತು.

ಕೆಲವು ವರ್ಷಗಳ ಹಿಂದೆ ನಾನು ಮತ್ತೆ ಹೋಗಿದ್ದೆ. ಹೊಸ ಸ್ಟೇಷನ್ನಿನಿಂದ ಇಳಿದು ಎಡಕ್ಕೆ ತಿರುಗಿ ಒಳಗೆ ಹೋದೆ. ಗೋಡೆಗೆ ಹೊಸ ಬಣ್ಣ, ನೆಲ ನುಣ್ಣಗೆ. ಕಂಬಗಳೆಲ್ಲ ಒಂದೇ ಥರ ಹೊಳೆಯುತ್ತಿದ್ದವು, ನಮ್ಮದು ಯಾವುದು ಎಂದು ತಕ್ಷಣಕ್ಕೆ ಹೊಳೆಯಲಿಲ್ಲ. ಬಾಗಿಲಿನಿಂದ ಲೆಕ್ಕ ಹಾಕಿ ಇದೇ ಇರಬೇಕು ಎಂದು ಒಂದನ್ನು ಮುಟ್ಟಿ ನಿಂತಾಗ, ಮಾಹಿತಿ ಮೇಜಿನ ಹುಡುಗಿ ಬಂದು ಏನಾದರೂ ಸಹಾಯ ಬೇಕೆ ಎಂದು ಕೇಳಿದಳು. ಅಕ್ಕಿಯ ಚೀಲದ ಕಥೆ ಹೇಳಿದೆ. ಅವಳು ಸಾಕುರಾಯ್‌ನವಳಂತೆ. ತನ್ನ ಅಜ್ಜಿಯೂ ಹೀಗೇ ಅಕ್ಕಿ ಸಾಗಿಸಿದವಳು, ಆದರೆ ಓಸಾಕಾದ ಕಡೆಗೆ ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಕಂಬದ ಹತ್ತಿರವೇ ನಿಂತು ಮಾತಾಡಿದೆವು, ಅಷ್ಟರಲ್ಲಿ ಚೀನಾದ ಪ್ರವಾಸಿಗಳ ಗುಂಪೊಂದು ನಕ್ಷೆ ಕೇಳಿಕೊಂಡು ಬಂದಿತು, ಅವಳು ಓಡಿದಳು.

ಅಕ್ಕ ಈಗ ಧಾರವಾಡದ ಮನೆಯಲ್ಲಿದ್ದಾರೆ, ಮಂಡಿ ನೋವು. ಮಂಡ್ಯದವನು ಅವರನ್ನು ಮುಂದಿನ ಮಾರ್ಚಿಗೆ ಓಮಿಜುತೋರಿಗೆ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದಿದ್ದಾನೆ. ನಿಗಾತ್ಸುದೊದ ಮೆಟ್ಟಿಲು ಹತ್ತಬೇಕಾಗಿಲ್ಲ, ಪಂಜು ಕೆಳಗಿನಿಂದ ನೋಡುವುದೇ ಚಂದ ಎಂದು ನಾನೂ ಅವರಿಗೆ ಒಪ್ಪಿಸುತ್ತಿದ್ದೇನೆ. ಅಕ್ಕ ಇನ್ನೂ ಹೂಂ ಅಂದಿಲ್ಲ. ಆದರೆ ಹೋದ ವಾರ ಫೋನಿನಲ್ಲಿ, ಮಾತಿನ ನಡುವೆ, ಶೇಂಗಾ ಹಿಂಡಿ ವಿಮಾನದಾಗ ಒಯ್ಯಾಕ ಬಿಡತಾರೇನು ಎಂದು ಕೇಳಿದರು.